ಮಿನ್ನೆಸೋಟಾದ ಜುಟ್ಟಿನಲ್ಲಿ ಐದು ದಿನ

ನಮ್ಮವರಿಗೆ ಮ್ಯಾಪ್ ಹುಚ್ಚು. ಬೇರೆಯವರು ರಾತ್ರಿ ಊಟ ಆದಮೇಲೆ ಫೋನ್‌ನಲ್ಲಿ ರೀಲ್ಸ್ ನೋಡುತ್ತಾರೆ, ಇವರು ಮ್ಯಾಪ್ ದೊಡ್ಡದು ಮಾಡಿ, ಚಿಕ್ಕದು ಮಾಡಿ ನೋಡುತ್ತಾ ಕೂರುತ್ತಾರೆ. ಮಿನ್ನೆಸೋಟಾ ರಾಜ್ಯದ ಮ್ಯಾಪ್ ನೋಡಿದ್ದರೆ ನಿಮಗೂ ಕಂಡಿರುತ್ತದೆ, ನೆತ್ತಿಯ ಮೇಲೆ ಒಂದು ಸಣ್ಣ ಜುಟ್ಟು ಎದ್ದು ನಿಂತಿದೆ. ಅದನ್ನು ಕಂಡಾಗಲೆಲ್ಲ ಇವರದು ಒಂದೇ ಮಾತು, "ಒಂದ್ಸಲ ಅಲ್ಲಿಗೆ ಹೋಗ್ಬೇಕು ಕಣೇ." ನಾವು ಇಲ್ಲಿಗೆ ಬಂದು ಹದಿನೆಂಟು ವರ್ಷ. ಹದಿನೆಂಟು ವರ್ಷವೂ ನಾನು ಹೂಂ ಅಂದಿದ್ದೇನೆ, ಹೋಗಿರಲಿಲ್ಲ.

ಹೋಗದಿರಲು ಕಾರಣವೂ ಇತ್ತು. ಆ ಜುಟ್ಟು ಅಮೆರಿಕಕ್ಕೆ ಸೇರಿದ್ದು, ಆದರೆ ಉಳಿದ ಅಮೆರಿಕಕ್ಕೆ ನೆಲದ ಮೇಲೆ ಅಂಟಿಕೊಂಡಿಲ್ಲ. ಮಧ್ಯದಲ್ಲಿ ಲೇಕ್ ಆಫ್ ದ ವುಡ್ಸ್ ಅನ್ನುವ ಸಮುದ್ರದಂಥ ಕೆರೆ. ಕಾರಿನಲ್ಲಿ ಹೋಗಬೇಕು ಅಂದರೆ ಕೆನಡಾಕ್ಕೆ ಹೋಗಿ, ಅಲ್ಲಿಂದ ತಿರುಗಿ ಅಮೆರಿಕಕ್ಕೆ ಬರಬೇಕು. ಗ್ರೀನ್ ಕಾರ್ಡ್ ಬರುವ ಮುಂಚೆ, ಬರೀ ಭಾರತದ ಪಾಸ್‌ಪೋರ್ಟ್ ಇದ್ದಾಗ, ಅದಕ್ಕೂ ಕೆನಡಾ ವೀಸಾ ಮಾಡಿಸಬೇಕಿತ್ತು. ನಮ್ಮದೇ ರಾಜ್ಯದ ಇನ್ನೊಂದು ಮೂಲೆಗೆ ಹೋಗಲು ವೀಸಾ ಅಂದರೆ ಯಾರಿಗೆ ಬೇಕು ಹೇಳಿ. ಈಗ ಇಬ್ಬರಿಗೂ ಅಮೆರಿಕದ ಪಾಸ್‌ಪೋರ್ಟ್ ಬಂದಿದೆ, ನೆಪ ಮುಗಿಯಿತು. ಜೂನ್ ಕೊನೆಯ ವಾರ, ಇವರು, ನಾನು, ಹತ್ತು ವರ್ಷದ ಮಗ, ಹೊರಟೆವು.

ಜುಟ್ಟಿನ ಹೆಸರು ನಾರ್ತ್‌ವೆಸ್ಟ್ ಆ್ಯಂಗಲ್. ಅಲ್ಲಿಯವರು ಬರೀ "ಆ್ಯಂಗಲ್" ಅನ್ನುತ್ತಾರೆ. ಸರ್ಕಾರಿ ಲೆಕ್ಕದಲ್ಲಿ ಅದು ಲೇಕ್ ಆಫ್ ದ ವುಡ್ಸ್ ಕೌಂಟಿಯ ಆ್ಯಂಗಲ್ ಟೌನ್‌ಶಿಪ್. ಟೌನ್‌ಶಿಪ್ ಅಂದ ಕೂಡಲೆ ನಮ್ಮ ಕಡೆಯವರ ಕಣ್ಣಿಗೆ ಫ್ಯಾಕ್ಟರಿ ಕ್ವಾರ್ಟರ್ಸ್ ಬರುತ್ತದೆ, ಕುದುರೆಮುಖದ ಹಾಗೆ, ಸಾಲು ಮನೆ, ಒಂದು ಕ್ಲಬ್ಬು, ಒಂದು ಶಾಲೆ. ಇಲ್ಲಿ ಹಾಗಲ್ಲ. ಹಿಂದೆ ಸರ್ವೆಯವರು ನೆಲವನ್ನು 6 ಮೈಲಿ ಉದ್ದ, 6 ಮೈಲಿ ಅಗಲದ ಚೌಕಗಳಾಗಿ ಗೆರೆ ಎಳೆದರಲ್ಲ, ಆ ಚೌಕಕ್ಕೆ ಟೌನ್‌ಶಿಪ್ ಅಂತ ಹೆಸರು. ನಮ್ಮ ಹೋಬಳಿ ಇದ್ದ ಹಾಗೆ ಅಂದುಕೊಳ್ಳಿ, ಅದರೊಳಗೆ ಊರು ಇರಲೇಬೇಕು ಅಂತ ಏನಿಲ್ಲ. ಆ್ಯಂಗಲ್ ಈ ಚೌಕದ ಲೆಕ್ಕಕ್ಕೂ ಸಿಗುವುದಿಲ್ಲ. ಒಟ್ಟು 596 ಚದರ ಮೈಲಿ, ಅದರಲ್ಲಿ 473 ನೀರು. ನೆಲ ಅಂತ ಉಳಿಯುವುದು 123 ಚದರ ಮೈಲಿ. ಜನ? 2000ದ ಜನಗಣತಿಯಲ್ಲಿ 152. 2010ರಲ್ಲಿ 119.

ಹೊರಡುವ ಹಿಂದಿನ ದಿನ ಊರಿಗೆ ಫೋನ್ ಮಾಡಿದಾಗ ಅಮ್ಮನಿಗೆ ಹೇಳಿದೆ. "ನೂರಾ ಹತ್ತೊಂಬತ್ತು ಜನಾನಾ? ಒಂದು ಪಂಕ್ತಿ ಎಲೆಗೂ ಸಾಲಲ್ವಲ್ಲೇ" ಅಂದರು. ಮಗ ಅದನ್ನು ಕೇಳಿಸಿಕೊಂಡ. ಒಂದು ನೋಟ್‌ಬುಕ್ ತೆಗೆದುಕೊಂಡು ಬ್ಯಾಗಿಗೆ ಹಾಕಿಕೊಂಡ. 119 ಜನರಲ್ಲಿ ಎಷ್ಟು ಜನ ಸಿಗುತ್ತಾರೋ ಎಣಿಸುತ್ತಾನಂತೆ.

ಮೊದಲ ದಿನ: ನದಿ ಹುಟ್ಟುವ ಜಾಗ

ಮಿನಿಯಾಪೊಲಿಸ್‌ನಿಂದ ನೇರ ಹೋದರೆ ಒಂದೇ ದಿನದಲ್ಲಿ ಮುಟ್ಟಬಹುದು. ಇವರು ಬಿಡಲಿಲ್ಲ. ಮೊದಲು ಇಟಾಸ್ಕಾ ಕೆರೆ ನೋಡಲೇಬೇಕು, ಅದನ್ನು ನೋಡದೆ ಜುಟ್ಟು ಅರ್ಥವಾಗುವುದಿಲ್ಲ ಅಂತ ಹಟ. ಸರಿ ಅಂತ ನಾಲ್ಕು ಗಂಟೆ ಓಡಿಸಿಕೊಂಡು ಹೋದೆವು.

ಇಟಾಸ್ಕಾದಲ್ಲಿ ಮಿಸಿಸಿಪ್ಪಿ ನದಿ ಹುಟ್ಟುತ್ತದೆ. ಕೆರೆ ಕೋಡಿ ಬಿದ್ದ ಹಾಗೆ, ಒಂದು ಸಾಲು ಉಂಡೆ ಕಲ್ಲುಗಳ ಸಂದಿಯಲ್ಲಿ ನೀರು ಹೊರಗೆ ಬರುತ್ತದೆ. ಅಷ್ಟೇ ನದಿ. ಮೊಣಕಾಲು ಮಟ್ಟ, ಅಗಲ ಒಂದು ಹದಿನೆಂಟು ಅಡಿ ಇರಬಹುದು. ಮಗ ಪ್ಯಾಂಟ್ ಮಡಚಿಕೊಂಡು ಮಿಸಿಸಿಪ್ಪಿಯನ್ನು ಮೂರು ಸಲ ದಾಟಿದ. ಕಲ್ಲಿನ ಮೇಲೆ ಪಾಚಿ ಜಾಸ್ತಿ, ನಾನು ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಅರ್ಧಕ್ಕೆ ಹೋಗಿ ವಾಪಸ್ ಬಂದೆ. ಈ ನೀರು ಇಲ್ಲಿಂದ 2,552 ಮೈಲಿ ಹರಿದು ಸಮುದ್ರ ಸೇರುತ್ತದೆ ಅಂತ ಅಲ್ಲಿ ಬೋರ್ಡ್ ಇದೆ.

ಅಲ್ಲೇ ಒಂದು ಮರದ ಬೆಂಚಿನ ಮೇಲೆ ಪುಳಿಯೋಗರೆ ತಿನ್ನುತ್ತಾ ಇವರು ಕಥೆ ಹೇಳಿದರು. ನನಗೆ ಅರ್ಥವಾದಷ್ಟು ಹೇಳುತ್ತೇನೆ.

1783ರಲ್ಲಿ ಬ್ರಿಟಿಷರಿಗೂ ಅಮೆರಿಕದವರಿಗೂ ಪ್ಯಾರಿಸ್‌ನಲ್ಲಿ ಒಪ್ಪಂದ ಆಯಿತು. ಯುದ್ಧ ಮುಗಿದಿದೆ, ಇನ್ನು ಗಡಿ ಗುರುತು ಮಾಡಬೇಕು. ಅಮೆರಿಕದ ಕಡೆ ಬೆಂಜಮಿನ್ ಫ್ರಾಂಕ್ಲಿನ್, ಜಾನ್ ಆಡಮ್ಸ್‌ರಂಥವರು. ಅವರ ಮುಂದೆ ಇದ್ದದ್ದು ಮಿಚೆಲ್ ಅನ್ನುವವರು 1755ರಲ್ಲಿ ಬರೆದ ಮ್ಯಾಪ್. ಅದರಲ್ಲಿ ಲೇಕ್ ಆಫ್ ದ ವುಡ್ಸ್ ಒಂದು ಮೊಟ್ಟೆಯ ಆಕಾರದಲ್ಲಿತ್ತು, ಮಿಸಿಸಿಪ್ಪಿ ಅದರ ಪಶ್ಚಿಮಕ್ಕೆ ಎಲ್ಲೋ ಹರಿದು ಹೋಗುವ ಹಾಗೆ ಕಾಣುತ್ತಿತ್ತು. ಸರಿ, ಕೆರೆಯ ವಾಯವ್ಯ ತುದಿಗೆ ಹೋಗಿ, ಅಲ್ಲಿಂದ ನೇರ ಪಶ್ಚಿಮಕ್ಕೆ ಮಿಸಿಸಿಪ್ಪಿ ಸಿಗುವ ತನಕ ಗೆರೆ ಎಳೆದರೆ ಅದೇ ಗಡಿ ಅಂತ ಬರೆದುಬಿಟ್ಟರು. ಆದರೆ ನದಿ ಹುಟ್ಟುವುದು ಇಲ್ಲಿ, ಇಟಾಸ್ಕಾದಲ್ಲಿ, ಆ ತುದಿಯಿಂದ ಸುಮಾರು 150 ಮೈಲಿ ದಕ್ಷಿಣಕ್ಕೆ. ಪಶ್ಚಿಮಕ್ಕೆ ಎಷ್ಟು ದೂರ ಹೋದರೂ ಮಿಸಿಸಿಪ್ಪಿ ಸಿಗುವುದಿಲ್ಲ.

ತಪ್ಪು ಗೊತ್ತಾದ ಮೇಲೆ 1818ರಲ್ಲಿ ಮತ್ತೆ ಕೂತು, ಗಡಿ 49ನೇ ಅಕ್ಷಾಂಶದ ಮೇಲೆ ಇರಲಿ ಅಂದರು. ಹಾಗಾದರೆ ಆ ವಾಯವ್ಯ ತುದಿ? ಅಲ್ಲಿಂದ ನೇರ ದಕ್ಷಿಣಕ್ಕೆ ಒಂದು ಗೆರೆ ಇಳಿಸಿ 49ಕ್ಕೆ ಸೇರಿಸಿ ಅಂದರು. ಆ ಗೆರೆ ಸುಮಾರು 26 ಮೈಲಿ ಇಳಿಯುತ್ತದೆ, ಇಳಿಯುವಾಗ ಒಂದು ತುಂಡು ನೆಲವನ್ನು ಕೆನಡಾದ ಮೈಯಿಂದ ಕತ್ತರಿಸಿ ಅಮೆರಿಕಕ್ಕೆ ಕೊಟ್ಟುಬಿಡುತ್ತದೆ. ಅದೇ ಜುಟ್ಟು. ಹಳೇ ದಾಖಲೆಯಲ್ಲಿ ಒಂದು ಸಲ ಬರೆದದ್ದನ್ನು ಅಳಿಸಲಾಗದೆ, ಅದರ ಮೇಲೆ ತಿದ್ದುಪಡಿ, ತಿದ್ದುಪಡಿಯ ಮೇಲೆ ತಿದ್ದುಪಡಿ. ಪಹಣಿ ತಿದ್ದಿಸಲು ತಾಲ್ಲೂಕು ಆಫೀಸಿಗೆ ಅಲೆದವರಿಗೆ ಇದು ಹೊಸದೇನಲ್ಲ.

ರಾತ್ರಿ ಬೆಮಿಜಿಯಲ್ಲಿ ಉಳಿದೆವು. ಕೆರೆ ದಂಡೆಯಲ್ಲಿ ಪಾಲ್ ಬನಿಯನ್ ಅನ್ನುವ ಜಾನಪದದ ಮರ ಕಡಿಯುವವನದೂ ಅವನ ನೀಲಿ ಎತ್ತಿನದೂ ದೊಡ್ಡ ಬೊಂಬೆಗಳಿವೆ, 1937ರವು. ಫೋಟೊ ತೆಗೆದೆವು, ಮಲಗಿದೆವು.

ಎರಡನೇ ದಿನ: ಗಡಿ, ಗಡಿ, ಮತ್ತೆ ಗಡಿ

ಬೆಮಿಜಿಯಿಂದ ಉತ್ತರಕ್ಕೆ ಬೊಡೆಟ್‌ಗೆ ಹೋಗುವ ದಾರಿ ನೆನಪಿಟ್ಟುಕೊಳ್ಳುವಂಥದ್ದು. ಅಪ್ಪರ್ ರೆಡ್ ಲೇಕ್ ದಾಟಿದ ಮೇಲೆ ಮನೆ ಕಮ್ಮಿ ಆಗುತ್ತಾ ಹೋಗುತ್ತದೆ, ಆಮೇಲೆ ಇಲ್ಲವೇ ಇಲ್ಲ. ಎರಡೂ ಕಡೆ ಜೌಗು. ನೆಲ ಅಂತ ಕಾಣುತ್ತದೆ, ಕಾಲಿಟ್ಟರೆ ಸ್ಪಂಜಿನ ಹಾಗೆ ಇಳಿಯುತ್ತದೆ. ಅದರಲ್ಲಿ ಕೃಶವಾದ ಸ್ಪ್ರೂಸ್ ಮರಗಳು, ನೂರು ವರ್ಷ ಆಗಿದ್ದರೂ ನನ್ನ ಎತ್ತರ ಬೆಳೆಯದವು. ಸಾವಿರಾರು ವರ್ಷದ ಹಿಂದೆ ಇಲ್ಲೆಲ್ಲ ಅಗಾಸಿ ಅನ್ನುವ ಒಂದೇ ಮಹಾ ಕೆರೆ ಇತ್ತಂತೆ, ಹಿಮನದಿ ಕರಗಿದ ನೀರು. ಅದು ಬತ್ತಿ ಉಳಿದ ಹೊಂಡಗಳೇ ಇವತ್ತಿನ ರೆಡ್ ಲೇಕ್, ಲೇಕ್ ಆಫ್ ದ ವುಡ್ಸ್ ಎಲ್ಲ. ತಳ ಚಪ್ಪಟೆ, ನೀರು ಹರಿಯಲು ಇಳಿಜಾರಿಲ್ಲ, ಹಾಗಾಗಿ ಜೌಗು. ಜನ ಯಾಕಿಲ್ಲ ಅನ್ನುವುದಕ್ಕೆ ಅರ್ಧ ಉತ್ತರ ಇಲ್ಲೇ ಸಿಕ್ಕಿತು.

ಬೊಡೆಟ್ ಅಂದರೆ ಲೇಕ್ ಆಫ್ ದ ವುಡ್ಸ್ ಕೌಂಟಿಯ ಮುಖ್ಯ ಊರು. ಊರ ಬಾಗಿಲಿಗೆ 40 ಅಡಿ ಉದ್ದದ ಸಿಮೆಂಟ್ ಮೀನು, ಹೆಸರು ವಿಲ್ಲಿ ವಾಲೈ. ಈ ಕಡೆ ದೇವರು ಅಂದರೆ ವಾಲೈ ಮೀನೇ. ಜುಟ್ಟಿನವರಿಗೆ ಏನೇ ಕೌಂಟಿ ಕೆಲಸ ಇದ್ದರೂ ಇಲ್ಲಿಗೇ ಬರಬೇಕು, ಅಂದರೆ ಬೇರೆ ದೇಶ ದಾಟಿ. ಅಲ್ಲಿಂದ ವಾರೋಡ್, ಮೂವತ್ತೇಳು ಮೈಲಿ. ಕಿಟಕಿ ಮಾಡುವ ದೊಡ್ಡ ಕಾರ್ಖಾನೆ ಮತ್ತು ಐಸ್ ಹಾಕಿ, ಈ ಊರಿಗೆ ಇವೆರಡೇ ಹೆಮ್ಮೆ. ಇಲ್ಲಿ ಹಾಲು, ಬ್ರೆಡ್, ಸೊಳ್ಳೆ ಔಷಧ ಎಲ್ಲ ತುಂಬಿಕೊಂಡೆವು.

ಇನ್ನು ಗಡಿ. ಕೆನಡಾದ ಅಧಿಕಾರಿ ಪಾಸ್‌ಪೋರ್ಟ್ ನೋಡುತ್ತಾ ಕೇಳಿದರು, ಎಲ್ಲಿಂದ ಬಂದಿರಿ?

"ಅಮೆರಿಕ."

ಎಲ್ಲಿಗೆ ಹೋಗುತ್ತೀರಿ?

"ಅಮೆರಿಕ."

ನಗುತ್ತಾರೆ ಅಂದುಕೊಂಡಿದ್ದೆ. ನಗಲಿಲ್ಲ, ದಿನಾ ಕೇಳುವ ಮಾತಲ್ವಾ ಅವರಿಗೆ. ಬಂದೂಕು ಇದೆಯಾ, ಹೆಂಡ ಇದೆಯಾ, ಊಟದ ಸಾಮಾನು ಏನಿದೆ. ನಾನು ಪ್ರಾಮಾಣಿಕವಾಗಿ ಎಲ್ಲ ಹೇಳಲು ಹೋಗಿ ಚಟ್ನಿಪುಡಿಗೆ ಬಂದು ಸಿಕ್ಕಿಹಾಕಿಕೊಂಡೆ. ಕಡಲೆಬೇಳೆ, ಉದ್ದಿನಬೇಳೆ, ಒಣಕೊಬ್ಬರಿ, ಮೆಣಸಿನಕಾಯಿ ಹುರಿದು ಪುಡಿ ಮಾಡಿದ್ದು ಅಂತ ಇಂಗ್ಲಿಷಿನಲ್ಲಿ ವಿವರಿಸುವಷ್ಟರಲ್ಲಿ ಹಿಂದೆ ನಾಲ್ಕು ಕಾರು ನಿಂತಿದ್ದವು. ಡಬ್ಬಿ ತೆಗೆದು ತೋರಿಸಿದೆ. ಮೂಸಿ ನೋಡಿ, ಒಂದು ಸೀನು ಸೀನಿ, ಹೋಗಿ ಅಂದರು.

ಕೆನಡಾದ ಮ್ಯಾನಿಟೋಬಾ ಪ್ರಾಂತ್ಯದೊಳಗೆ ಸುಮಾರು ನಲವತ್ತು ಮೈಲಿ. ಅಲ್ಲ, ಅಲ್ಲಿ ಮೈಲಿ ಲೆಕ್ಕ ಇಲ್ಲ, ಕಿಲೋಮೀಟರ್. ಬೋರ್ಡಿನಲ್ಲಿ 90 ಅಂತ ಕಂಡ ಕೂಡಲೆ ಇವರ ಕಾಲು ಆಕ್ಸಿಲರೇಟರ್ ಮೇಲೆ ಭಾರ ಆಯಿತು, ನಾನು ಜೋರು ಮಾಡಿದೆ. ಸ್ಪ್ರೇಗ್ ಅನ್ನುವ ಸಣ್ಣ ಊರು ದಾಟಿ 308ನೇ ನಂಬರಿನ ರಸ್ತೆ, ಆಮೇಲೆ 525. ಕೊನೆಯಲ್ಲಿ ಬರೀ ಜಲ್ಲಿ, ಹಿಂದೆ ಧೂಳಿನ ಪರದೆ. ಒಂದು ಕರಡಿ ಮರಿ ರಸ್ತೆ ದಾಟಿತು. ತಾಯಿ ಎಲ್ಲಿ ಅಂತ ನಾವು ಕಿಟಕಿ ಏರಿಸಿಕೊಂಡು ಎರಡು ನಿಮಿಷ ಕಾದೆವು, ಕಾಣಲಿಲ್ಲ.

ಆಮೇಲೆ ಇದ್ದಕ್ಕಿದ್ದ ಹಾಗೆ ಅಮೆರಿಕ. ಗೇಟಿಲ್ಲ, ಪೊಲೀಸಿಲ್ಲ, ಚೆಕ್‌ಪೋಸ್ಟ್ ಇಲ್ಲ. ಒಂದು ಸ್ವಾಗತದ ಬೋರ್ಡು. ಅದರ ಎಡಕ್ಕೂ ಬಲಕ್ಕೂ ಕಾಡಿನ ನಡುವೆ ಇಪ್ಪತ್ತು ಅಡಿ ಅಗಲಕ್ಕೆ ಮರ ಕಡಿದು ಗೆರೆ ಹೊಡೆದಿದ್ದಾರೆ, ಎಣ್ಣೆ ಹಚ್ಚಿ ಬೈತಲೆ ತೆಗೆದ ಹಾಗೆ, ಕಣ್ಣು ಹೋಗುವ ತನಕ ನೇರ. 1818ರ ಗೆರೆ ಇದೇ. ಕಾರು ನಿಲ್ಲಿಸಿ ಇವರು ಆ ಬೈತಲೆಯ ಮಧ್ಯೆ ಹೋಗಿ ನಿಂತರು. ಹದಿನೆಂಟು ವರ್ಷ ಫೋನ್‌ನಲ್ಲಿ ನೋಡಿದ ಗೆರೆ. ಏನೂ ಮಾತಾಡಲಿಲ್ಲ. ಸೊಳ್ಳೆಗಳು ಮುತ್ತಿದ ಮೇಲೆ ಓಡಿ ಬಂದರು.

ಬಂದಿದ್ದೇವೆ ಅಂತ ಹೇಳುವುದು ಮುಂದೆ, ಜಿಮ್ಸ್ ಕಾರ್ನರ್ ಅನ್ನುವ ಕೂಡು ರಸ್ತೆಯಲ್ಲಿ. ಅಲ್ಲಿ ಒಂದು ಗೂಡು. ನಮ್ಮ ಕಡೆಯ ಬಸ್‌ಸ್ಟಾಪಿಗಿಂತ ಚಿಕ್ಕದು. ಹಿಂದೆ ಇದರಲ್ಲಿ ವಿಡಿಯೊ ಫೋನ್ ಇತ್ತಂತೆ, ಕ್ಯಾಮರಾ ಮುಂದೆ ಪಾಸ್‌ಪೋರ್ಟ್ ಹಿಡಿದು ನಿಂತರೆ ಎಲ್ಲೋ ದೂರದಲ್ಲಿ ಕೂತ ಅಧಿಕಾರಿ ನೋಡಿ ಸರಿ ಅನ್ನುತ್ತಿದ್ದರು. ನಾವೂ ಅಲ್ಲಿ ನಿಂತೇ ವರದಿ ಕೊಟ್ಟೆವು. ಒಳಗೆ ಗೋಡೆಯ ತುಂಬ ಸತ್ತ ಸೊಳ್ಳೆಗಳ ಗುರುತು. ನಮಗಿಂತ ಮುಂಚೆ ಬಂದವರೂ ಇಲ್ಲಿ ನಿಂತು ಪಟಪಟ ಹೊಡೆದುಕೊಂಡೇ ದೇಶದೊಳಗೆ ಬಂದಿದ್ದಾರೆ.

ಸಂಜೆ ಆರಕ್ಕೆ ರೆಸಾರ್ಟ್ ತಲುಪಿದೆವು. ರೆಸಾರ್ಟ್ ಅಂದರೆ ದೊಡ್ಡದಾಗಿ ಊಹಿಸಬೇಡಿ, ನೀರಿನ ಪಕ್ಕ ಆರೇಳು ಮರದ ಕ್ಯಾಬಿನ್. ಓನರ್ ಹೆಂಗಸು ಕೀ ಕೊಟ್ಟರು, ಮಗ ನೋಟ್‌ಬುಕ್ ತೆಗೆದು 1 ಅಂತ ಬರೆದ. ಜೂನ್ ಅಲ್ವಾ, ರಾತ್ರಿ ಒಂಬತ್ತೂವರೆಗೆ ಸೂರ್ಯ ಮುಳುಗಿದ. ಹತ್ತಕ್ಕೂ ಬೆಳಕು. ಕತ್ತಲೆ ಆದಮೇಲೆ ಕೆರೆಯಿಂದ ಲೂನ್ ಹಕ್ಕಿ ಕೂಗಿತು, ಯಾರೋ ದೂರದಲ್ಲಿ ಅತ್ತ ಹಾಗೆ. ಮಗ ನಮ್ಮ ಹಾಸಿಗೆಗೇ ಬಂದು ಮಲಗಿದ.

ಮೂರನೇ ದಿನ: ಎಣಿಕೆ

ಬೆಳಿಗ್ಗೆ ಎದ್ದವರೇ ಊರು ನೋಡಲು ಹೊರಟೆವು. ಊರಿನ ಹೆಸರು ಆ್ಯಂಗಲ್ ಇನ್ಲೆಟ್. ಪೇಟೆ, ಸರ್ಕಲ್, ಸಾಲುಮನೆ ಏನೂ ಇಲ್ಲ. ಮನೆಗಳೆಲ್ಲ ನೀರಿನ ಅಂಚಿಗೆ ಅಲ್ಲೊಂದು ಇಲ್ಲೊಂದು. ನಾನು ಹುಟ್ಟಿದ್ದು ತುಮರಿ ಕಡೆಯ ಒಂಟಿಮನೆಯಲ್ಲಿ, ಪಕ್ಕದ ಮನೆಯ ದೀಪ ಕಾಣಬೇಕಾದರೆ ತೋಟ ಇಳಿದು ಗುಡ್ಡ ಹತ್ತಬೇಕಿತ್ತು. ಹಾಗಾಗಿ ನನಗೆ ಇದು ವಿಚಿತ್ರ ಅನಿಸಲಿಲ್ಲ. ಬೆಂಗಳೂರಿನವರಾದ ನಮ್ಮವರು ಮಾತ್ರ "ಊರು ಯಾವಾಗ ಶುರುವಾಗತ್ತೆ?" ಅಂತ ಕೇಳುತ್ತಲೇ ಇದ್ದರು. ಅಷ್ಟರಲ್ಲಿ ಊರು ಮುಗಿದಿತ್ತು.

ಪೋಸ್ಟ್ ಆಫೀಸ್ ಒಂದಿದೆ. ಅಲಾಸ್ಕಾ ಬಿಟ್ಟರೆ ಅಮೆರಿಕದಲ್ಲಿ ಇದಕ್ಕಿಂತ ಉತ್ತರಕ್ಕೆ ಇನ್ನೊಂದು ಪೋಸ್ಟ್ ಆಫೀಸ್ ಇಲ್ಲ. ಅಮ್ಮನಿಗೆ ಒಂದು ಕಾರ್ಡ್ ಹಾಕಿದೆ. ಒಂಬತ್ತು ಹೊಂಡದ ಗಾಲ್ಫ್ ಮೈದಾನ ಇದೆ, ಅದೂ ಹಾಗೇ, ಎಲ್ಲದಕ್ಕಿಂತ ಉತ್ತರದ್ದು. ಇಲ್ಲಿ ಏನು ಕಟ್ಟಿದರೂ ಎಲ್ಲದಕ್ಕಿಂತ ಉತ್ತರದ್ದೇ ಆಗುತ್ತದೆ, ಹಂದಿಗೂಡು ಕಟ್ಟಿದರೂ ಅಷ್ಟೇ.

ಶಾಲೆ ನೋಡಬೇಕು ಅಂತ ನನಗೆ ಆಸೆ ಇತ್ತು. ಆ್ಯಂಗಲ್ ಇನ್ಲೆಟ್ ಶಾಲೆ ಮಿನ್ನೆಸೋಟಾದಲ್ಲಿ ಉಳಿದಿರುವ ಕೊನೆಯ ಒಂದೇ ಕೋಣೆಯ ಸರ್ಕಾರಿ ಶಾಲೆ. ರಜೆ, ಬಾಗಿಲು ಹಾಕಿತ್ತು. ಕಿಟಕಿಯ ಗಾಜಿಗೆ ಮೂಗು ಒತ್ತಿ ನೋಡಿದೆ. ಬೇರೆ ಬೇರೆ ಎತ್ತರದ ಡೆಸ್ಕುಗಳು. ಅದೊಂದು ನೋಡಿದರೆ ಸಾಕು, ಎಲ್ಲ ಕ್ಲಾಸಿನ ಮಕ್ಕಳೂ ಒಟ್ಟಿಗೆ ಕೂರುತ್ತಾರೆ ಅಂತ ಗೊತ್ತಾಗುತ್ತದೆ. ನಾನು ಓದಿದ್ದೂ ಅಂಥ ಶಾಲೆಯಲ್ಲೇ. ಮೇಷ್ಟ್ರು ನಾಲ್ಕನೇ ಕ್ಲಾಸಿಗೆ ಲೆಕ್ಕ ಹೇಳುವಾಗ ಎರಡನೇ ಕ್ಲಾಸಿನ ನಾವು ಕೇಳಿಸಿಕೊಂಡು ಮೊದಲೇ ಕಲಿತಿರುತ್ತಿದ್ದೆವು. ಇಲ್ಲಿ ಆರನೇ ಕ್ಲಾಸಿನ ತನಕ ಇದೆ. ಏಳಕ್ಕೆ ಬಸ್ಸಿನಲ್ಲಿ ವಾರೋಡ್‌ಗೆ ಹೋಗಬೇಕು. ಹೋಗುವಾಗ ಎರಡು ಸಲ ಗಡಿ, ಬರುವಾಗ ಎರಡು ಸಲ. ದಿನಕ್ಕೆ ನಾಲ್ಕು ಸಲ ದೇಶ ದಾಟಿ ಬಂದ ಮಗು ರಾತ್ರಿ ಹೋಮ್‌ವರ್ಕ್ ಮಾಡಬೇಕು.

ಮಧ್ಯಾಹ್ನದ ಹೊತ್ತಿಗೆ ಮಗನ ಲೆಕ್ಕ 31ಕ್ಕೆ ಏರಿತ್ತು. ಊಟಕ್ಕೆ ಹೋದ ಕಡೆ ಅವನು ಜೋರಾಗಿ ಎಣಿಸುವುದನ್ನು ಕೇಳಿ ಗಲ್ಲಾದಲ್ಲಿ ಕೂತ ಅಜ್ಜಿ ಏನಪ್ಪ ಅದು ಅಂದರು. ಅವನು ಹೇಳಿದ. ಅಜ್ಜಿ ನೋಟ್‌ಬುಕ್ ಈಸಿಕೊಂಡು, ಕನ್ನಡಕ ಹಾಕಿಕೊಂಡು, ಒಂದೊಂದೇ ವಿಚಾರಿಸಿದರು. ಕೆಂಪು ಟೋಪಿಯವರು? ಅವರು ಮೀನು ಹಿಡಿಯಲು ಬಂದ ಟೂರಿಸ್ಟ್, ತೆಗೆ. ದೋಣಿ ತೊಳೆಯುತ್ತಿದ್ದ ಇಬ್ಬರು ಹುಡುಗರು? ಬೇಸಿಗೆ ಕೆಲಸಕ್ಕೆ ಬಂದವರು, ಕಾಲೇಜು ಶುರುವಾದರೆ ಹೋಗುತ್ತಾರೆ, ತೆಗೆ. ಹಸಿರು ಛಾವಣಿ ಮನೆಯವರು? ಅವರದು ಇಲ್ಲಿ ಕ್ಯಾಬಿನ್ ಅಷ್ಟೇ, ಚಳಿಗಾಲಕ್ಕೆ ಅರಿಜೋನಾ, ತೆಗೆ. ಹೀಗೆ ತೆಗೆದು ತೆಗೆದು 31 ಹೋಗಿ 9 ಆಯಿತು. ಮಗನ ಮುಖ ಸಪ್ಪಗಾಯಿತು. ಅಜ್ಜಿ ಒಂದು ನಿಯಮ ಹೇಳಿಕೊಟ್ಟರು: ಜನವರಿಯಲ್ಲಿ ಯಾರ ಮನೆ ಚಿಮಣಿಯಲ್ಲಿ ಹೊಗೆ ಬರುತ್ತದೋ ಅವರು ಮಾತ್ರ ಇಲ್ಲಿಯವರು.

ಇದು ನನಗೆ ಎಷ್ಟು ಸರಿ ಅನಿಸಿತು ಅಂದರೆ, ಜನಗಣತಿಯವರೂ ಬೇರೆ ಮಾತಿನಲ್ಲಿ ಕೇಳುವುದು ಅದನ್ನೇ, ವರ್ಷದಲ್ಲಿ ಜಾಸ್ತಿ ದಿನ ಎಲ್ಲಿ ಮಲಗುತ್ತೀರಿ ಅಂತ. ಬೇಸಿಗೆಯಲ್ಲಿ ಇಲ್ಲಿ ಬೋಟಿಗೊಂದು ಬೋಟು ತಾಗುವಷ್ಟು ಜನ. ಎಣಿಕೆಗೆ ಬರುವವರು ಬೇರೆ. ಒಂದು ಲೆಕ್ಕ ಹಾಕಿ ನೋಡಿ. ಇಲ್ಲಿಯ ನೆಲ 123 ಚದರ ಮೈಲಿ ಅಂದೆನಲ್ಲ, ಕಿಲೋಮೀಟರಿಗೆ ತಿರುಗಿಸಿದರೆ 319 ಚದರ ಕಿಲೋಮೀಟರ್. ನಮ್ಮ ಕರ್ನಾಟಕದಲ್ಲಿ 2011ರ ಜನಗಣತಿಯ ಪ್ರಕಾರ ಒಂದು ಚದರ ಕಿಲೋಮೀಟರಿಗೆ ಇರುವ ಜನ ಎಷ್ಟು ಗೊತ್ತಾ? ಅದೂ 319. ಈ ಜುಟ್ಟಿನಲ್ಲಿ ನಮ್ಮ ರಾಜ್ಯದ ಹಾಗೆ ಜನ ತುಂಬಿದ್ದರೆ ಒಂದು ಲಕ್ಷ ದಾಟುತ್ತಿತ್ತು. ಇದ್ದದ್ದು 119. ಇವರು ಈ ಲೆಕ್ಕವನ್ನು ಕೇಚಪ್ ಬಾಟಲಿ ಪಕ್ಕದಲ್ಲಿ ಪೇಪರ್ ನ್ಯಾಪ್‌ಕಿನ್ ಮೇಲೆ ಮಾಡಿ, ಅದನ್ನು ಮಡಚಿ ಪರ್ಸಿನಲ್ಲಿ ಇಟ್ಟುಕೊಂಡಿದ್ದಾರೆ.

ಯಾಕೆ ಇಷ್ಟು ಕಮ್ಮಿ? ಜೌಗು ಒಂದು. ಇನ್ನೊಂದು, ಈ ನೆಲದಲ್ಲಿ ಶೇಕಡಾ 70ರಷ್ಟು ರೆಡ್ ಲೇಕ್ ಒಜಿಬ್ವೆ ಅನ್ನುವ ಮೂಲನಿವಾಸಿ ಜನರದು. ಅವರು ಇರುವುದು ದಕ್ಷಿಣದ ರೆಡ್ ಲೇಕ್ ಸುತ್ತ, ಇಲ್ಲಿರುವುದು ಬಹುಪಾಲು ಬರೀ ಕಾಡು. ಅದನ್ನು ಯಾರೂ ಸೈಟ್ ಮಾಡಿ ಮಾರುವ ಹಾಗಿಲ್ಲ. ಒಳ್ಳೆಯದೇ ಆಯಿತು ಅಂತ ನನ್ನ ಅಭಿಪ್ರಾಯ. ಉಳಿದದ್ದು ನೀರಿನ ಅಂಚು. ಅಲ್ಲಿ ಬದುಕಲು ಇರುವುದು ಒಂದೇ ದಾರಿ, ಮೀನು ಹಿಡಿಯಲು ಬರುವವರಿಗೆ ರೂಮು, ದೋಣಿ, ಊಟ ಕೊಡುವುದು. ಆಸ್ಪತ್ರೆ ಇಲ್ಲ. ಮಕ್ಕಳು ದೊಡ್ಡವರಾದ ಮೇಲೆ ಹೊರಗೆ ಹೋಗುತ್ತಾರೆ, ವಾಪಸ್ ಬರುವವರು ಕಮ್ಮಿ. ಈ ಮಾತು ಹೇಳುವಾಗ ಅಜ್ಜಿ ನನ್ನ ಕಡೆ ನೋಡಿ, ನಿಮ್ಮ ಊರಲ್ಲಿ ಹೇಗೆ ಅಂದರು. ನಮ್ಮ ಊರಲ್ಲೂ ಹಾಗೇ ಅಂದೆ. ಬೇರೆ ಏನು ಹೇಳಲಿ, ಎದುರಿಗೇ ಕೂತಿದ್ದೆನಲ್ಲ.

ಸಂಜೆ ದಡದಲ್ಲಿ ಮೀನು ಬಿಡಿಸುವ ಮೇಜಿನ ಹತ್ತಿರ ನಿಂತೆವು. ನಾವು ಸಸ್ಯಾಹಾರಿಗಳು, ನಾನು ಸೆರಗು ಮೂಗಿಗೆ ಹಿಡಿದ ಹಾಗೆ ಜಾಕೆಟ್ ಹಿಡಿದುಕೊಂಡಿದ್ದೆ. ಆದರೆ ಆ ಕೈ ನೋಡಬೇಕು. ಗೈಡ್ ಒಬ್ಬರು ತೆಳ್ಳನೆಯ ಚಾಕು ಕಿವಿರಿನ ಹಿಂದೆ ಇಟ್ಟು ಬೆನ್ನುಮೂಳೆಯ ಗುಂಟ ಬಾಲದ ತನಕ ಎಳೆಯುತ್ತಾರೆ, ತಿರುಗಿಸುತ್ತಾರೆ, ಚರ್ಮ ಬಿಡಿಸುತ್ತಾರೆ, ಆಯಿತು. ಒಂದು ಮೀನಿಗೆ ಒಂದು ನಿಮಿಷ ಇಲ್ಲ. ವಾಲೈ ಮೀನಿನ ಕಣ್ಣು ಬೆಕ್ಕಿನ ಕಣ್ಣಿನ ಹಾಗೆ ಬೆಳಕಿಗೆ ಹೊಳೆಯುತ್ತದೆ, ಬಕೆಟ್ ತುಂಬ ಹೊಳೆಯುವ ಗೋಲಿಗಳು. ನೀರಿನಲ್ಲಿ ಐದಾರು ಬಿಳಿ ಪೆಲಿಕನ್‌ಗಳು ಮದುವೆ ಮನೆಯ ಎರಡನೇ ಪಂಕ್ತಿಯವರ ಹಾಗೆ ಶಿಸ್ತಾಗಿ ಕಾಯುತ್ತಿದ್ದವು. ಗೈಡ್ ಹತ್ತನೆಯವರು. ಜನವರಿಯಲ್ಲಿ ಇರುತ್ತೀರಾ ಅಂತ ಮಗ ಕೇಳಿ ಖಾತ್ರಿ ಮಾಡಿಕೊಂಡ.

ನಾಲ್ಕನೇ ದಿನ: ನೀರಿನ ಮೇಲೆ

ಅದೇ ಗೈಡ್ ದೋಣಿಯಲ್ಲಿ ಮ್ಯಾಗ್ನುಸನ್ ದ್ವೀಪಕ್ಕೆ ಕರೆದುಕೊಂಡು ಹೋದರು. ಈ ಕೆರೆಯಲ್ಲಿ ಹದಿನಾಲ್ಕು ಸಾವಿರಕ್ಕೂ ಜಾಸ್ತಿ ದ್ವೀಪಗಳಿವೆ, ಎಲ್ಲವೂ ಒಂದೇ ಥರ, ಕಲ್ಲು, ಅದರ ಮೇಲೆ ನಾಲ್ಕು ಪೈನ್ ಮರ. ನಮ್ಮಷ್ಟಕ್ಕೇ ನಮ್ಮನ್ನು ಬಿಟ್ಟಿದ್ದರೆ ಎರಡನೇ ತಿರುವಿಗೇ ದಾರಿ ತಪ್ಪುತ್ತಿದ್ದೆವು. ಮ್ಯಾಗ್ನುಸನ್‌ನಲ್ಲಿ ಫೋರ್ಟ್ ಸೇಂಟ್ ಚಾರ್ಲ್ಸ್ ಇದೆ. ಲಾ ವೆರೆಂದ್ರಿ ಅನ್ನುವ ಫ್ರೆಂಚ್ ಸಾಹಸಿ 1732ರಲ್ಲಿ ಕಟ್ಟಿಸಿದ್ದು, ಪಶ್ಚಿಮ ಸಮುದ್ರಕ್ಕೆ ದಾರಿ ಹುಡುಕುತ್ತಾ, ತುಪ್ಪಳದ ವ್ಯಾಪಾರ ಮಾಡುತ್ತಾ. 1736ರಲ್ಲಿ ಅವರ ದೊಡ್ಡ ಮಗ, ಒಬ್ಬ ಪಾದ್ರಿ, 19 ದೋಣಿಯಾಳುಗಳು, ಒಟ್ಟು 21 ಜನ ಸಾಮಾನು ತರಲು ಹೊರಟಾಗ ಇದೇ ಕೆರೆಯ ಒಂದು ದ್ವೀಪದಲ್ಲಿ ಡಕೋಟಾ ಅನ್ನುವ ಮೂಲನಿವಾಸಿ ಯೋಧರ ಕೈಯಲ್ಲಿ ಸತ್ತರು. ಅವರ ಎಲುಬುಗಳು ಸಿಕ್ಕಿದ್ದು 1908ರಲ್ಲಿ. ಈಗ ಕಾಣುವುದು 1950ರ ದಶಕದಲ್ಲಿ ಮತ್ತೆ ಕಟ್ಟಿದ ಕೋಟೆ, ಮರದ ಕಂಬಗಳ ಬೇಲಿ. ಕೋಟೆ ಅಂದರೆ ಚಿತ್ರದುರ್ಗ ನೆನಸಿಕೊಂಡ ಮಗನಿಗೆ ನಿರಾಸೆ. ನನಗೆ ಮಾತ್ರ ಆ ತಂದೆ, ಮಗ ಬರುತ್ತಾನೆ ಅಂತ ಈ ದಡದಲ್ಲೇ ಕಾದಿದ್ದನಲ್ಲ ಅನಿಸಿ ಸ್ವಲ್ಪ ಹೊತ್ತು ಸುಮ್ನೆ ಕೂತೆ.

ಅಲ್ಲಿಂದ ಓಕ್ ಐಲೆಂಡ್. ಇಲ್ಲೂ ವರ್ಷವಿಡೀ ಜನ ಇದ್ದಾರೆ. ಬೇಸಿಗೆಯಲ್ಲಿ ದೋಣಿ, ಚಳಿಗಾಲದಲ್ಲಿ ಮಂಜುಗಡ್ಡೆಯ ಮೇಲೆ ಕಾರು. ಕಷ್ಟ ಇರುವುದು ನಡುವೆ, ಮಂಜುಗಡ್ಡೆ ಕಟ್ಟುವಾಗ, ಒಡೆಯುವಾಗ. ದೋಣಿ ಹೋಗುವುದಿಲ್ಲ, ಕಾರನ್ನು ಹೊರುವಷ್ಟು ಗಟ್ಟಿ ಇರುವುದಿಲ್ಲ. ಆ ವಾರಗಳಿಗೆ ಬೇಕಾದ್ದೆಲ್ಲ ಮೊದಲೇ ತುಂಬಿಟ್ಟುಕೊಳ್ಳುತ್ತಾರೆ. ಕೇಳುತ್ತಾ ಕೇಳುತ್ತಾ ನನಗೆ ಲಿಂಗನಮಕ್ಕಿ ಹಿನ್ನೀರು, ಅಂಬಾರಗೋಡ್ಲು ಲಾಂಚು ಎಲ್ಲ ಕಣ್ಣ ಮುಂದೆ ಬಂತು. ಸಂಜೆಯ ಕೊನೆ ಲಾಂಚ್ ತಪ್ಪಿದರೆ ಮುಗಿಯಿತು, ಎದುರಿಗೇ ಕಾಣುವ ಊರಿಗೆ ಹೋಗಲು ಇಡೀ ಗುಡ್ಡ ಸುತ್ತಬೇಕು. ನಮಗೆ 2025ರ ಜುಲೈನಲ್ಲಿ ಸೇತುವೆ ಆಯಿತು. ಇಲ್ಲಿಯವರಿಗೆ ಇಷ್ಟುದ್ದ ನೀರಿಗೆ ಯಾರು ಸೇತುವೆ ಕಟ್ಟುತ್ತಾರೆ?

ಆದರೂ ಒಮ್ಮೆ ಇಲ್ಲಿಯವರೇ ಕಟ್ಟಿದ್ದರು, ಮಂಜುಗಡ್ಡೆಯ ಮೇಲೆ. 2020ರ ಮಾರ್ಚ್‌ನಲ್ಲಿ ಕೊರೊನಾಕ್ಕೆ ಗಡಿ ಮುಚ್ಚಿತು. ಊರಿಗೆ ಬರುವ ಒಂದೇ ರಸ್ತೆ ಕೆನಡಾದಲ್ಲಿ, ಟೂರಿಸ್ಟ್‌ಗಳಿಗೆ ಬರಲಾಗದು. ರೆಸಾರ್ಟ್‌ಗಳು ಒಂದು ಇಡೀ ಬೇಸಿಗೆ ಖಾಲಿ. ಆಗ ಊರವರೆಲ್ಲ ಸೇರಿ ಆ ಚಳಿಗಾಲದಲ್ಲಿ ವಾರೋಡ್‌ನಿಂದ ಇಲ್ಲಿಗೆ, ಬಹುಪಾಲು ಹೆಪ್ಪುಗಟ್ಟಿದ ಕೆರೆಯ ಮೇಲೆ, ಸುಮಾರು 30 ಮೈಲಿ ದಾರಿ ಮಾಡಿದರು. ಕೆನಡಾ ಮುಟ್ಟದೆ ಅಮೆರಿಕದಿಂದ ಅಮೆರಿಕಕ್ಕೆ ಬರುವ ದಾರಿ. ಬಿರುಕು ಬಿಟ್ಟಾಗ ಹಲಗೆ ಹಾಕಿ, ಗಾಳಿಗೆ ಹಿಮ ತುಂಬಿದಾಗ ತೆಗೆದು, ದಿನಾ ಕಾದುಕೊಂಡರಂತೆ. ವಸಂತ ಬಂತು, ರಸ್ತೆ ಕರಗಿತು.

ಇನ್ನೊಂದು ಕಥೆ ಕೇಳಿ ನಮ್ಮವರಿಗೆ ತುಂಬ ಖುಷಿಯಾಯಿತು. 1990ರ ದಶಕದ ಕೊನೆಯಲ್ಲಿ ಕೆನಡಾದ ಒಂಟಾರಿಯೊ ಪ್ರಾಂತ್ಯದ ಸರ್ಕಾರ ತನ್ನ ಕಡೆಯ ನೀರಿನಲ್ಲಿ ಮೀನು ಹಿಡಿದು ಇಟ್ಟುಕೊಳ್ಳಬೇಕಾದರೆ ತನ್ನ ಕಡೆಯ ರೆಸಾರ್ಟಿನಲ್ಲೇ ಉಳಿಯಬೇಕು ಅಂತ ನಿಯಮ ತಂದಿತು. ಜುಟ್ಟಿನವರ ಹೊಟ್ಟೆಗೆ ಹೊಡೆತ. ಆಗ ಕೆಲವರು, ಹಾಗಾದರೆ ನಾವು ಅಮೆರಿಕ ಬಿಟ್ಟು ಕೆನಡಾಕ್ಕೇ ಸೇರುತ್ತೇವೆ ಅಂದರು. ಈ ಭಾಗದ ಸಂಸದ ಕಾಲಿನ್ ಪೀಟರ್ಸನ್ 1998ರಲ್ಲಿ, ಹಾಗೆ ಸೇರಬೇಕೋ ಬೇಡವೋ ಅಂತ ಜುಟ್ಟಿನವರೇ ವೋಟು ಹಾಕಲಿ ಅನ್ನುವ ಪ್ರಸ್ತಾಪವನ್ನು ಸಂಸತ್ತಿನ ಮುಂದೆ ಇಟ್ಟೂ ಬಿಟ್ಟರು. ನಿಜವಾಗಿ ಹೋಗುವ ಮನಸ್ಸು ಇತ್ತೋ, ಹೆದರಿಸಲು ಮಾಡಿದ್ದೋ! ನನಗೇನೋ ಎರಡನೆಯದೇ ಅನಿಸುತ್ತದೆ. ನೂರೈವತ್ತು ಜನ ಎರಡು ದೇಶಗಳ ರಾಜಧಾನಿಯಲ್ಲಿ ತಮ್ಮ ಮೀನಿನ ವಿಷಯ ಮಾತಾಡಿಸಿದರು, ಕೆಲಸ ಆಯಿತು, ನಿಯಮ ಹೋಯಿತು.

ದ್ವೀಪದಲ್ಲಿ ಮಗನಿಗೆ ಏಳು ಜನ ಸಿಕ್ಕಿದರು. ಸಂಜೆ ಅಜ್ಜಿಯ ಹತ್ತಿರ ಹೋಗಿ ಪರಿಶೀಲನೆ. ಈ ಸಲ ಅಜ್ಜಿ ಒಬ್ಬರನ್ನೂ ತೆಗೆಯಲಿಲ್ಲ, ಬದಲಿಗೆ ಸೇರಿಸಿದರು. ಅಡುಗೆಮನೆಯಿಂದ ಇಬ್ಬರನ್ನು ಕರೆದು ತೋರಿಸಿದರು, ಹೊರಗೆ ಪಿಕಪ್‌ನಲ್ಲಿ ಬಂದ ಒಂದು ಸಂಸಾರವನ್ನು ನಿಲ್ಲಿಸಿ ಎಣಿಸಿದರು. ಒಟ್ಟು 26. ಮೆಟ್ಟಿಲ ಮೇಲೆ ಮಲಗಿದ್ದ ದೊಡ್ಡ ಕಪ್ಪು ನಾಯಿಯನ್ನೂ ಸೇರಿಸು, ಅದು ಹನ್ನೆರಡು ಚಳಿಗಾಲ ಇಲ್ಲೇ ಕಳೆದಿದೆ ಅಂದರು. ಮಗ ಒಪ್ಪಲಿಲ್ಲ. ಜನಗಣತಿ, ಜನ ಮಾತ್ರ ಅಂತ ವಾದ. ಕೊನೆಗೆ ನಾಯಿಯ ಹೆಸರು ಬೇರೆ ಪುಟದಲ್ಲಿ ಬರೆಯುವುದು ಅಂತ ರಾಜಿ ಆಯಿತು.

ಐದನೇ ದಿನ: ವಾಪಸ್

ವಾಪಸ್ ದಾರಿಯ ಬಗ್ಗೆ ಹೇಳುವಂಥದ್ದು ಜಾಸ್ತಿ ಇಲ್ಲ. ಬಂದ ದಾರಿಯೇ. ಗೂಡಿನ ಹತ್ತಿರ ನಿಂತು ಈ ಸಲ ಕೆನಡಾದವರಿಗೆ ಫೋನ್, ಜಲ್ಲಿ, ಧೂಳು, ವಾರೋಡ್, ಆಮೇಲೆ ಆರು ಗಂಟೆ ಹೈವೇ. ರಾತ್ರಿ ಹನ್ನೊಂದಕ್ಕೆ ಮನೆ. ಮುಂದಿನ ವಾರ ಫೋನ್ ಬಿಲ್ ಬಂತು. ಜುಟ್ಟಿನಲ್ಲಿ ನಮ್ಮ ಫೋನುಗಳು ಪಕ್ಕದ ಕೆನಡಾ ಟವರ್ ಹಿಡಿದುಕೊಂಡು ಕೂತಿದ್ದವಂತೆ, ರೋಮಿಂಗ್ ದುಡ್ಡು ನೋಡಿ ಇವರು ಅರ್ಧ ಗಂಟೆ ಮಾತಾಡಲಿಲ್ಲ. ಹೋಗುವವರಿದ್ದರೆ ಫೋನ್ ಏರೋಪ್ಲೇನ್ ಮೋಡ್‌ಗೆ ಹಾಕಿಕೊಳ್ಳಿ, ಅಷ್ಟೇ.

ಬೆಳಿಗ್ಗೆ ಹೊರಟಾಗ, ಗಡಿಗೆ ಇನ್ನೂ ಎರಡು ಮೈಲಿ ಇದ್ದಾಗ, ಎದುರಿನಿಂದ ರಸ್ತೆ ಸಮ ಮಾಡುವ ಗ್ರೇಡರ್ ಬಂತು. ಜಲ್ಲಿಯನ್ನು ಅಂಚಿನಿಂದ ಮಧ್ಯಕ್ಕೆ ಎಳೆಯುತ್ತಾ, ನಿಧಾನಕ್ಕೆ. ನಾವು ಪಕ್ಕಕ್ಕೆ ನಿಂತೆವು. ಓಡಿಸುವವರು ಸ್ಟೀರಿಂಗ್ ಮೇಲಿನಿಂದ ಎರಡು ಬೆರಳು ಎತ್ತಿ ನಮಸ್ಕಾರ ಮಾಡಿ ಹೋದರು. ಹಿಂದಿನ ಸೀಟಿನಲ್ಲಿ ನೋಟ್‌ಬುಕ್ ತೆರೆದ ಸದ್ದು.

"ಅಮ್ಮಾ, ಇವರು ಜನವರೀಲಿ ಇರ್ತಾರಾ?"

"ಜನವರೀಲಿ ಈ ರಸ್ತೆ ಹಿಮ ತೆಗೆಯೋರು ಇನ್ಯಾರಪ್ಪ" ಅಂದರು ಇವರು.

ಮಗ 27 ಅಂತ ಬರೆದುಕೊಂಡ.